ಪ್ರತಿ ರಾಜಧಾನಿಯೊಳಗೂ ಒಂದು ದೆಹಲಿ: ಕಾಸರಗೋಡಿನಿಂದ ನೋಡಿದಾಗ

2024ರ ಫೆಬ್ರುವರಿ 7ರಂದು ಕರ್ನಾಟಕದ ಮುಖ್ಯಮಂತ್ರಿ ತಮ್ಮ ಸಚಿವರು ಮತ್ತು ಶಾಸಕರೊಂದಿಗೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಮರುದಿನ ಅದೇ ಜಾಗದಲ್ಲಿ ಕೇರಳದ ಮುಖ್ಯಮಂತ್ರಿ ತಮ್ಮ ಸಚಿವರೊಂದಿಗೆ ಕುಳಿತರು. ಇಬ್ಬರ ದೂರೂ ಒಂದೇ. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713 ಇದ್ದದ್ದು 15ನೇ ಆಯೋಗದ ಹೊತ್ತಿಗೆ ಶೇ 3.647ಕ್ಕೆ ಇಳಿದಿತ್ತು. ಕೇರಳದ್ದು ಶೇ 2.5ರಿಂದ ಶೇ 1.925ಕ್ಕೆ ಬಂದಿತ್ತು. ಕಾಸರಗೋಡಿನ ನಮ್ಮಂಥವರ ಮನೆಗಳಲ್ಲಿ ಕನ್ನಡ ವಾಹಿನಿಯೂ ಬರುತ್ತದೆ, ಮಲಯಾಳ ವಾಹಿನಿಯೂ ಬರುತ್ತದೆ. ಎರಡು ದಿನವೂ ನಾವು ಕುಳಿತು ನೋಡಿದೆವು, ಎರಡೂ ಭಾಷಣ ನಮಗೆ ಅರ್ಥವಾಯಿತು, ಎರಡರಲ್ಲೂ ನ್ಯಾಯವಿದೆ ಎಂದು ನನಗೆ ಅನ್ನಿಸಿತು. ದೂರದ ರಾಜಧಾನಿಯೊಂದು ತನ್ನ ಅಳತೆಗೋಲಿನಿಂದಲೇ ಎಲ್ಲರನ್ನೂ ಅಳೆಯುತ್ತದೆ, ಚಿಕ್ಕವರ ಮಾತು ಅದರ ಕಿವಿಗೆ ಬೀಳುವುದಿಲ್ಲ ಎಂಬುದು ಆ ಭಾಷಣಗಳ ಸಾರ.

ಕೆಲವು ದಿನಗಳ ಬಳಿಕ ನೆರೆಮನೆಯ ಹಿರಿಯರೊಬ್ಬರ ಜೊತೆ ನಮ್ಮ ಭಾಗದ ಒಂದು ಕಚೇರಿಗೆ ಹೋಗಿದ್ದೆ. ತೋಟದ ತೀರ್ವೆ ರಶೀದಿಯಲ್ಲಿ ಹೆಸರು ತಪ್ಪಾಗಿತ್ತು. ಅದನ್ನು ಸರಿಪಡಿಸಲು ಅವರು ತಮ್ಮ ಕೈಯಾರೆ, ಮುತ್ತಿನಂಥ ಅಕ್ಷರಗಳಲ್ಲಿ, ಕನ್ನಡದಲ್ಲಿ ಅರ್ಜಿ ಬರೆದಿದ್ದರು. ಮೇಜಿನ ಆಚೆ ಇದ್ದ ಯುವಕ ಅದನ್ನು ತಿರುಗಿಸಿ ನೋಡಿ, ‘ಕನ್ನಡ ಅರಿಯಿಲ್ಲ’ ಎಂದು ಹಿಂದಕ್ಕೆ ಕೊಟ್ಟ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬರೆಸಿ ತರಲು ಹೇಳಿದ. ಅವನ ದನಿಯಲ್ಲಿ ಒರಟುತನ ಇರಲಿಲ್ಲ. ದಕ್ಷಿಣದ ಯಾವುದೋ ಜಿಲ್ಲೆಯಿಂದ ವರ್ಗವಾಗಿ ಬಂದು, ಮರಳಿ ಊರಿಗೆ ಹೋಗುವ ದಿನ ಎಣಿಸುತ್ತಿದ್ದ ಹುಡುಗ. ಹಿರಿಯರು ಏನೂ ಹೇಳದೆ ಹೊರಗೆ ಬಂದು, ಅರ್ಜಿಯನ್ನು ನಾಲ್ಕಾಗಿ ಮಡಚಿ ಕಿಸೆಗೆ ಹಾಕಿಕೊಂಡರು. ಪಕ್ಕದ ಅಂಗಡಿಯಲ್ಲಿ ಹಣ ಕೊಟ್ಟು ಮಲಯಾಳದಲ್ಲಿ ಟೈಪ್ ಮಾಡಿಸಿದೆವು. ಅದರಲ್ಲಿ ಏನು ಬರೆದಿದೆ ಎಂದು ಓದಲಾಗದೆ ಅವರು ಸಹಿ ಹಾಕಿದರು.

ಕೇರಳದ್ದೇ ಕಾಯ್ದೆ ಆ ಅರ್ಜಿಯ ಪರವಾಗಿದೆ ಎಂಬುದು ಆ ಹುಡುಗನಿಗೆ ಗೊತ್ತಿರಲಿಲ್ಲ. ಹಿರಿಯರಿಗೂ ಗೊತ್ತಿರಲಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಆ ರಾಜ್ಯದ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿನೊಂದಿಗೂ ಇಲಾಖಾ ಮುಖ್ಯಸ್ಥರೊಂದಿಗೂ, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಿದ ಕಡೆಗಳ ಸ್ಥಳೀಯ ಕಚೇರಿಗಳೊಂದಿಗೂ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು.

ರಾಷ್ಟ್ರೀಯತೆ ಮತ್ತು ಪ್ರಾಂತೀಯತೆಯ ಚರ್ಚೆ ಎಲ್ಲಿ ನಡೆದರೂ ಅದರ ಚಿತ್ರದಲ್ಲಿ ಎರಡೇ ಮಹಡಿಗಳಿರುತ್ತವೆ. ಮೇಲೆ ದೇಶ, ಕೆಳಗೆ ರಾಜ್ಯ. ಮೇಲಿನವರು ಏಕತೆಯ ಮಾತಾಡುತ್ತಾರೆ, ಕೆಳಗಿನವರು ವೈವಿಧ್ಯದ ಮಾತಾಡುತ್ತಾರೆ. ಕಾಸರಗೋಡಿನಲ್ಲಿ ನಿಂತವರಿಗೆ ಇನ್ನೂ ಒಂದು ಮಹಡಿ ಕಾಣುತ್ತದೆ, ಏಕೆಂದರೆ ನಾವು ಅಲ್ಲೇ ವಾಸವಾಗಿದ್ದೇವೆ. ದೆಹಲಿಯಲ್ಲಿ ವೈವಿಧ್ಯಕ್ಕಾಗಿ ಧರಣಿ ಕೂರುವ ರಾಜ್ಯವೇ ತನ್ನ ಗಡಿಯ ಹಳ್ಳಿಗೆ ಬಂದಾಗ ದೆಹಲಿಯಾಗುತ್ತದೆ. ಈ ಮಾತನ್ನು ನಾನು ಕೇರಳವೊಂದಕ್ಕೇ ಹೇಳುತ್ತಿಲ್ಲ. ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಅದು ಅಷ್ಟೇ ಸಲ್ಲುತ್ತದೆ.

ಈ ಮೂರನೆಯ ಮಹಡಿ ಹುಟ್ಟಿದ್ದು ಹೇಗೆ ಎಂದು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ಕಟ್ಟಲು ನಿರ್ಧರಿಸಿತು. ಸ್ವಾತಂತ್ರ್ಯ ಚಳವಳಿ ಜನರನ್ನು ಮುಟ್ಟಿದ್ದೇ ಜನರ ಭಾಷೆಯ ಮೂಲಕ. ಅಂದು ಭಾಷಾಭಿಮಾನಕ್ಕೂ ದೇಶಾಭಿಮಾನಕ್ಕೂ ಜಗಳವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ದೇಶ ಇಬ್ಭಾಗವಾದ ಮೇಲೆ ನಾಯಕರ ಮನಸ್ಸು ಹೆದರಿತು. 1948ರ ದಾರ್ ಆಯೋಗ ಭಾಷಾವಾರು ಪ್ರಾಂತಗಳು ಬೇಡವೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯ ಇದ್ದ ಸಮಿತಿಯೂ ಸದ್ಯಕ್ಕೆ ಬೇಡವೆಂದಿತು. ಮನೆ ಈಗಷ್ಟೇ ಹೊತ್ತಿ ಉರಿದದ್ದನ್ನು ಕಂಡವರು ದೀಪ ಹಚ್ಚಲೂ ಅಂಜುತ್ತಾರೆ. ಆ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ.

ಅಂಜಿಕೆಗೆ ಕಿವಿ ಇರಲಿಲ್ಲ ಎಂಬುದು ತೊಂದರೆಯಾಯಿತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣ ಬಿಟ್ಟ ಮೇಲೆ ದೆಹಲಿಗೆ ಕೇಳಿಸಿತು. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವಾಯಿತು, 1956ರ ನವೆಂಬರ್ 1ಕ್ಕೆ ಇಡೀ ದೇಶದ ನಕ್ಷೆ ಬದಲಾಯಿತು. ದೇಶ ಒಡೆಯಲಿಲ್ಲ. ಪ್ರತ್ಯೇಕ ದ್ರಾವಿಡ ನಾಡು ಬೇಕೆನ್ನುತ್ತಿದ್ದ ಡಿಎಂಕೆ 1963ರಲ್ಲಿ ಆ ಬೇಡಿಕೆಯನ್ನು ಕೈಬಿಟ್ಟಿತು, 1967ರಲ್ಲಿ ಚುನಾವಣೆ ಗೆದ್ದು ಮದರಾಸಿನಲ್ಲಿ ಸರ್ಕಾರ ಮಾಡಿತು. ಬೇಡಿಕೆ ಕೈಬಿಟ್ಟದ್ದರಲ್ಲಿ, ದೇಶದ ಸಮಗ್ರತೆಯ ಹೆಸರಿನಲ್ಲಿ ತಂದ ಸಂವಿಧಾನದ 16ನೇ ತಿದ್ದುಪಡಿಗೂ ಪಾತ್ರವಿತ್ತು. ಆದರೆ ಆ ಪಕ್ಷವನ್ನು ದೇಶದೊಳಗೆ ಭದ್ರವಾಗಿ ಕೂರಿಸಿದ್ದು ಅದಕ್ಕೆ ಸಿಕ್ಕ ಅಧಿಕಾರ ಮತ್ತು ಗೌರವ. ಸಿಟ್ಟಿಗೆ ಕುರ್ಚಿ ಕೊಟ್ಟರೆ ಅದು ಮಾತಿಗೆ ಬರುತ್ತದೆ.

1956ರಲ್ಲಿ ಹೀಗೆ ಗೆದ್ದವರು ದೊಡ್ಡ ದೊಡ್ಡ ಭಾಷೆಗಳವರು. ಗಡಿ ಎಳೆದಾಗ ಆಚೆ ಬಿದ್ದವರ ಕಥೆ ಬೇರೆ.

ಅಂದಿನ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಇಡಿಯಾಗಿ ಕೇರಳಕ್ಕೆ ಹೋಯಿತು. ‘ಇಡಿಯಾಗಿ’ ಎಂಬ ಮಾತಿನಲ್ಲೇ ಎಲ್ಲವೂ ಇದೆ. ಫಜಲ್ ಅಲಿ ಅವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗ ತಾಲೂಕನ್ನು ಒಂದೇ ಗಂಟಾಗಿ ನೋಡಿತು. ಆ ತಾಲೂಕನ್ನು ಚಂದ್ರಗಿರಿ ಹೊಳೆ ನಡುವೆ ಹಾದುಹೋಗುತ್ತದೆ. ದಕ್ಷಿಣದ ಹೊಸದುರ್ಗದ ಕಡೆ ಮಲಯಾಳದ ನಾಡು. ಉತ್ತರದ ಕುಂಬಳೆ, ಮಂಜೇಶ್ವರ, ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಕಡೆ ಶಾಲೆ, ಯಕ್ಷಗಾನ, ದೇವಸ್ಥಾನದ ಲೆಕ್ಕ, ಆಸ್ತಿಯ ದಾಖಲೆ ಎಲ್ಲವೂ ಕನ್ನಡದಲ್ಲಿ ನಡೆಯುತ್ತಿದ್ದ ನಾಡು. ಆಯೋಗದ ಮೂವರಲ್ಲಿ ಒಬ್ಬರಾದ ಕೆ.ಎಂ. ಪಣಿಕ್ಕರ್ ಮಲಯಾಳಿ ಎಂಬುದನ್ನೇ ಈ ಅನ್ಯಾಯಕ್ಕೆ ಕಾರಣವಾಗಿ ನಮ್ಮೂರಿನ ಹಿರಿಯರು ಇಂದಿಗೂ ಹೇಳುತ್ತಾರೆ. ನನ್ನ ಎಣಿಕೆಯಲ್ಲಿ ಅದಕ್ಕಿಂತ ದೊಡ್ಡ ತಪ್ಪು ಅಳತೆಯದು. ತಾಲೂಕನ್ನು ಅಳೆದರೆ ಒಂದು ಉತ್ತರ, ಗ್ರಾಮಗಳನ್ನು ಅಳೆದರೆ ಇನ್ನೊಂದು ಉತ್ತರ.

ಹತ್ತು ವರ್ಷಗಳ ನಂತರ ಆ ತಪ್ಪನ್ನು ಸರ್ಕಾರವೇ ನೇಮಿಸಿದ ಆಯೋಗ ಒಪ್ಪಿಕೊಂಡಿತು. 1966ರ ಅಕ್ಟೋಬರಿನಲ್ಲಿ ನೇಮಕವಾದ, ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಹೇಳಿತು. ಅದೇ ವರದಿ ಬೆಳಗಾವಿ ನಗರ ಮೈಸೂರಿನಲ್ಲೇ ಉಳಿಯಬೇಕೆಂದಿತು, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, 247 ಹಳ್ಳಿಗಳು ಮೈಸೂರಿಗೆ ಹೋಗಬೇಕೆಂದಿತು. ವರದಿಗಾಗಿ ಒತ್ತಾಯಿಸಿದ್ದ ಮಹಾರಾಷ್ಟ್ರವೇ ಅದನ್ನು ತಿರಸ್ಕರಿಸಿತು. ಕೇರಳವೂ ತಿರಸ್ಕರಿಸಿತು. ಮಹಾಜನ್ ವರದಿಯೇ ಅಂತಿಮ ಎಂದು ಕರ್ನಾಟಕ ಇಂದಿಗೂ ಹೇಳುತ್ತಿದೆ.

ಈ ‘ಅಂತಿಮ’ ಎಂಬ ನಿಲುವನ್ನು ನಾನು ಬಹಳ ಯೋಚಿಸಿದ್ದೇನೆ. ಬೆಂಗಳೂರಿಗೆ ಆ ವರದಿಯ ಬೆಲೆ ಬೆಳಗಾವಿಯನ್ನು ಉಳಿಸಿಕೊಳ್ಳುವುದರಲ್ಲಿದೆ, ಬೆಳಗಾವಿಯಂತೂ ಕೈಯಲ್ಲೇ ಇದೆ. ಹಾಗಾಗಿ ವರದಿ ಜಾರಿಯಾಗದಿದ್ದರೂ ಕರ್ನಾಟಕಕ್ಕೆ ನಷ್ಟವಿಲ್ಲ. ನಷ್ಟವಾದದ್ದು ಕಾಸರಗೋಡಿಗೆ. ನಮ್ಮ ಪ್ರಶ್ನೆಯನ್ನು ಬೆಳಗಾವಿಯ ಬಾಲಕ್ಕೆ ಕಟ್ಟಿದ್ದರಿಂದ ಅದು ತನ್ನ ಕಾಲ ಮೇಲೆ ನಿಲ್ಲಲೇ ಇಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಪರವಾಗಿ ಅಂಥ ದಾವೆ ಹೂಡಬೇಕೆಂದು ಬೆಂಗಳೂರಿನ ಯಾವ ಸರ್ಕಾರಕ್ಕೂ ಅನ್ನಿಸಲಿಲ್ಲ. ಸಂವಿಧಾನದ 3ನೇ ವಿಧಿಯ ಪ್ರಕಾರ ಗಡಿ ಬದಲಿಸುವುದು ಸಂಸತ್ತಿನ ಕೈಯಲ್ಲಿದೆ. ಸಂಬಂಧಪಟ್ಟ ವಿಧಾನಸಭೆಯ ಅಭಿಪ್ರಾಯ ಕೇಳಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ದಾರಿ ಇತ್ತು, ನಡೆಯುವವರು ಇರಲಿಲ್ಲ.

ಜನರು ಮಾತ್ರ ಕರ್ನಾಟಕಕ್ಕೆ ಸೇರಬೇಕೆಂಬ ತಮ್ಮ ಮನಸ್ಸನ್ನು ಆರಂಭದಲ್ಲಿ ಸ್ಪಷ್ಟವಾಗಿಯೇ ಹೇಳಿದ್ದರು. 1957ರಲ್ಲಿ ಕೇರಳದ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ನಂತರ ಕೆ. ಮಹಾಬಲ ಭಂಡಾರಿ ಮತ್ತೆ ಮತ್ತೆ ಗೆದ್ದರು. ಕವಿ ಕಯ್ಯಾರ ಕಿಞ್ಞಣ್ಣ ರೈ ಸ್ವಾತಂತ್ರ್ಯ ಹೋರಾಟದ ಬಿಸಿಯನ್ನೇ ವಿಲೀನೀಕರಣ ಚಳವಳಿಗೆ ತಂದರು, ನೂರು ವರ್ಷ ತುಂಬಿದ ಮೇಲೂ ಅದೇ ಮಾತು ಹೇಳುತ್ತ 2015ರಲ್ಲಿ ತೀರಿಕೊಂಡರು. ದೇಶಕ್ಕಾಗಿ ಚಳವಳಿಗೆ ಇಳಿದವರು ಭಾಷೆಗಾಗಿಯೂ ಇಳಿದರು ಎಂಬುದನ್ನು ಎರಡು ಬೇರೆ ಬೇರೆ ಬದುಕುಗಳಂತೆ ನೋಡುವುದು ಅವರಿಗೆ ಮಾಡುವ ಅನ್ಯಾಯ. ಅವರು ಕೇಳಿದ್ದು ದೇಶದೊಳಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೇರಲು. ಭಾರತದಿಂದ ಒಂದು ಅಂಗುಲ ಸರಿಯಲೂ ಯಾರೂ ಕೇಳಿರಲಿಲ್ಲ. ಗಡಿನಾಡಿನ ಅಹವಾಲನ್ನು ‘ಪ್ರತ್ಯೇಕತೆ’ ಎಂದು ಕರೆಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಕಾಲ ಕಳೆದಂತೆ ವಿಲೀನೀಕರಣದ ಕೂಗು ತಗ್ಗಿತು. ಬೇಡಿಕೆ ಈಡೇರಿ ತಗ್ಗಿದ್ದಲ್ಲ. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು, ರಸ್ತೆ ಬಂತು, ಕೊಲ್ಲಿಯ ಹಣ ಬಂತು, ಮಕ್ಕಳು ಕೇರಳದ ಪರೀಕ್ಷೆಗಳನ್ನು ಬರೆದು ಅಲ್ಲೇ ಕೆಲಸ ಹುಡುಕಿದರು, ಚುನಾವಣೆ ದೊಡ್ಡ ಪಕ್ಷಗಳ ಕಾದಾಟವಾಯಿತು. 2016ರಲ್ಲಿ ಮಂಜೇಶ್ವರದ ಫಲಿತಾಂಶ ನಿಂತದ್ದು 89 ಮತಗಳ ಅಂತರದ ಮೇಲೆ. ಇಷ್ಟು ಬಿಗಿಯಾದ ಕಣದಲ್ಲಿ ಕನ್ನಡದ ಪ್ರತಿ ಮನೆಗೂ ಬೆಲೆ ಇದೆ. ಆ ಮನೆಗಳನ್ನು ಜಾತಿ ಮತ್ತು ಧರ್ಮದ ಲೆಕ್ಕದಲ್ಲಿ ಎಣಿಸುತ್ತಾರೆಯೇ ಹೊರತು ಭಾಷೆಯ ಲೆಕ್ಕದಲ್ಲಿ ಎಣಿಸುವುದಿಲ್ಲ ಎಂಬುದು ನನ್ನ ಸಂಕಟ. ಅದರ ನಡುವೆಯೂ ಒಂದು ದೃಶ್ಯ ಮರೆಯುವಂಥದಲ್ಲ. 2016ರಲ್ಲಿ ಗೆದ್ದ ಪಿ.ಬಿ. ಅಬ್ದುಲ್ ರಜಾಕ್, 2021ರಲ್ಲಿ ಗೆದ್ದ ಎ.ಕೆ.ಎಂ. ಅಶ್ರಫ್, ಇಬ್ಬರೂ ಮುಸ್ಲಿಂ ಲೀಗಿನವರು, ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಕಾಸರಗೋಡಿನ ಕನ್ನಡ ಯಾವ ಒಂದು ಧರ್ಮದ ಸೊತ್ತೂ ಅಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ. ಕನ್ನಡವನ್ನು ಒಂದು ಪಕ್ಷದ, ಒಂದು ಸಮುದಾಯದ ಬಾವುಟಕ್ಕೆ ಕಟ್ಟಲು ಹೊರಟವರು, ಅವರು ಎಷ್ಟೇ ಅಭಿಮಾನಿಗಳಾಗಿದ್ದರೂ, ನಮ್ಮ ಬಲವನ್ನು ಅರ್ಧಕ್ಕೆ ಇಳಿಸುತ್ತಿದ್ದಾರೆ.

ಹಾಗಾದರೆ ಇಂದಿನ ಪ್ರಶ್ನೆ ಏನು? ಗಡಿಯ ಪ್ರಶ್ನೆ ಹಕ್ಕಿನ ಪ್ರಶ್ನೆಯಾಗಿ ಬದಲಾಗಿದೆ. ಶಾಲೆ, ಅರ್ಜಿ, ಉದ್ಯೋಗ, ಊರಿನ ಹೆಸರು. ಕೇರಳದ 2017ರ ಕಡ್ಡಾಯ ಮಲಯಾಳ ಕಲಿಕೆಯ ಕಾನೂನು ಬಂದಾಗ ಇಲ್ಲಿ ಪ್ರತಿಭಟನೆ ನಡೆಯಿತು. ಕನ್ನಡ ಮಾಧ್ಯಮದ ಶಾಲೆಗೆ ಕನ್ನಡ ತಿಳಿಯದ ಅಧ್ಯಾಪಕರನ್ನು ಕಳಿಸಿದಾಗ ತಾಯಂದಿರು ಶಾಲೆಯ ಮುಂದೆ ಬಂದು ನಿಂತರು. 2021ರಲ್ಲಿ ಊರಿನ ಹೆಸರುಗಳು ಬದಲಾಗುತ್ತಿವೆ ಎಂಬ ದೂರು ಎದ್ದಿತು, ಕೇರಳ ಸರ್ಕಾರ ಅಂಥ ಯೋಜನೆ ಇಲ್ಲವೆಂದಿತು. ಆದೇಶವಿಲ್ಲದೆಯೂ ಹೆಸರು ಬದಲಾಗುತ್ತದೆ ಎಂಬುದು ಇಲ್ಲಿ ದಿನವೂ ಓಡಾಡುವವರ ಅನುಭವ. ಫಲಕ ಬರೆಯುವವನ ಕೈಯಲ್ಲಿ ಮಂಜೇಶ್ವರ ‘ಮಂಜೇಶ್ವರಂ’ ಆಗುತ್ತದೆ, ಬಸ್ಸಿನ ನೆತ್ತಿಯಲ್ಲಿ ಅದು ನಾಲ್ಕು ವರ್ಷ ಓಡಿದರೆ ದಾಖಲೆಯೂ ಅದನ್ನೇ ಹಿಡಿಯುತ್ತದೆ.

2025ರ ಅಕ್ಟೋಬರಿನಲ್ಲಿ ಕೇರಳ ವಿಧಾನಸಭೆ ಹೊಸ ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. 2026ರ ಜನವರಿಯಲ್ಲಿ ಕರ್ನಾಟಕದ ಮುಖ್ಯಮಂತ್ರಿ ಸಿದ್ದರಾಮಯ್ಯ ಅದನ್ನು ವಿರೋಧಿಸಿ ಪಿಣರಾಯಿ ವಿಜಯನ್ ಅವರಿಗೆ ಪತ್ರ ಬರೆದರು. ಕನ್ನಡ ಮತ್ತು ತಮಿಳು ಭಾಷಿಕರಿಗೆ ಮಸೂದೆಯಲ್ಲೇ ರಕ್ಷಣೆ ಇದೆ ಎಂಬ ಉತ್ತರ ತಿರುವನಂತಪುರದಿಂದ ಬಂತು. ಆ ಉತ್ತರವನ್ನು ನಾನು ಸುಳ್ಳೆಂದು ಹೇಳುವುದಿಲ್ಲ. ರಕ್ಷಣೆಯ ಮಾತು 1969ರ ಕಾಯ್ದೆಯಲ್ಲೂ ಇತ್ತು. ನೆರೆಮನೆಯ ಹಿರಿಯರು ಅರ್ಜಿ ಮಡಚಿ ಕಿಸೆಗೆ ಹಾಕಿಕೊಂಡದ್ದು ಆ ರಕ್ಷಣೆ ಜಾರಿಯಲ್ಲಿದ್ದಾಗಲೇ. ಕಾಯ್ದೆಯ ಸಾಲು ಮೇಜಿನ ಆಚೆ ಕುಳಿತವನನ್ನು ತಲುಪಬೇಕಾದರೆ ಕನ್ನಡ ಬಲ್ಲವರಿಗೆ ಮೀಸಲಾದ ಹುದ್ದೆಯಲ್ಲಿ ನಿಜವಾಗಿಯೂ ಕನ್ನಡ ಬಲ್ಲವನೇ ಕುಳಿತಿರಬೇಕು. ಕೇರಳ ಲೋಕಸೇವಾ ಆಯೋಗ ಇಂಥ ಹುದ್ದೆಗಳಿಗೆ ಪ್ರತ್ಯೇಕ ನೇಮಕಾತಿ ಮಾಡುತ್ತದೆ. ಅವು ಭರ್ತಿಯಾಗುವ ವೇಗ, ಭರ್ತಿಯಾದವರು ವರ್ಗವಾಗಿ ಹೋಗದೆ ಉಳಿಯುವ ಕಾಲ, ಇವುಗಳ ಮೇಲೆ ನಮ್ಮ ಬದುಕು ನಿಂತಿದೆ.

ಇದನ್ನು ಓದುತ್ತಿರುವ ಕರ್ನಾಟಕದ ಗೆಳೆಯರಿಗೆ ಇಲ್ಲಿ ಒಂದು ಕಠಿಣ ಮಾತು ಹೇಳಬೇಕಾಗಿದೆ. ಕನ್ನಡ ಕಲಿಕೆಯನ್ನು ಕಡ್ಡಾಯ ಮಾಡುವ ಕಾಯ್ದೆ ಕರ್ನಾಟಕದಲ್ಲಿ 2015ರಲ್ಲೇ ಬಂತು. ಅಂಗಡಿಯ ಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ತಿದ್ದುಪಡಿ 2024ರಲ್ಲಿ ಬಂತು. ಎರಡನ್ನೂ ನಾನು ಬೆಂಬಲಿಸುತ್ತೇನೆ, ಬೆಂಗಳೂರಿನಲ್ಲಿ ಕನ್ನಡ ಕಾಣದಿದ್ದರೆ ಇನ್ನೆಲ್ಲಿ ಕಾಣಬೇಕು? ಆದರೆ ಬೆಳಗಾವಿಯಲ್ಲಿ ಮರಾಠಿ ಭಾಷಿಕರು ಸರ್ಕಾರಿ ಕಾಗದಪತ್ರಗಳನ್ನು ಮರಾಠಿಯಲ್ಲಿ ಕೇಳಿದಾಗ ನಮ್ಮವರೇ ಅದನ್ನು ನಾಡದ್ರೋಹ ಎನ್ನುತ್ತಾರೆ. ಅದೇ ಜನ ಮರುದಿನ ಕಾಸರಗೋಡಿಗೆ ಬಂದು, ಕನ್ನಡದಲ್ಲಿ ಅರ್ಜಿ ಕೊಡುವುದು ನಮ್ಮ ಹಕ್ಕು ಎಂದು ಭಾಷಣ ಮಾಡುತ್ತಾರೆ. ಮಹಾರಾಷ್ಟ್ರಕ್ಕೆ ಸೇರಬೇಕೆಂಬ ಬೆಳಗಾವಿಯ ಮರಾಠಿಗರ ರಾಜಕೀಯ ಬೇಡಿಕೆಯನ್ನು ಒಪ್ಪದೆಯೂ ಅವರ ಅರ್ಜಿಯನ್ನು ಒಪ್ಪಬಹುದು. ನಾವು ಕೇರಳದಿಂದ ಕೇಳುತ್ತಿರುವುದೂ ಅದನ್ನೇ. ಬೆಳಗಾವಿಯ ಒಂದು ಕಚೇರಿಯಲ್ಲಿ ಮರಾಠಿ ಅಜ್ಜಿಯ ಅರ್ಜಿ ಹಿಂದಕ್ಕೆ ಹೋದರೆ ಕಾಸರಗೋಡಿನಲ್ಲಿ ನಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಸುಮಾರು 40 ಹಳ್ಳಿಗಳು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆಂದು ನಿರ್ಣಯ ಮಾಡಿದ್ದು ಮುಖ್ಯವಾಗಿ ನೀರಿಗಾಗಿ. 2022ರಲ್ಲಿ ಎರಡೂ ರಾಜ್ಯಗಳು ಆ ಹಳ್ಳಿಗಳ ಹೆಸರಿನಲ್ಲಿ ಜಗಳವಾಡಿದವು. ಬಾಯಾರಿದವನು ಬಾವುಟದ ಬಣ್ಣ ನೋಡುವುದಿಲ್ಲ ಎಂದು ಎರಡೂ ರಾಜಧಾನಿಗಳಿಗೆ ತಿಳಿಯಬೇಕಿತ್ತು.

ಕರ್ನಾಟಕವೆಂಬ ತವರು ಒಮ್ಮೆ ನಮ್ಮ ಮೇಲೆ ಬಾಗಿಲು ಹಾಕಿದ್ದನ್ನೂ ಹೇಳದೆ ಇರಲಾರೆ. ಕಾಸರಗೋಡಿನಿಂದ ಮಂಗಳೂರು 50 ಕಿಲೋಮೀಟರ್, ತಿರುವನಂತಪುರ 550 ಕಿಲೋಮೀಟರಿಗೂ ಆಚೆ. ಹೆರಿಗೆ, ಹೃದಯ, ಡಯಾಲಿಸಿಸ್, ಯಾವುದಾದರೂ ನಮ್ಮ ಕಾಲು ತಾನಾಗಿ ಮಂಗಳೂರಿನ ಕಡೆಗೆ ತಿರುಗುತ್ತದೆ. 2020ರ ಮಾರ್ಚ್ ಕೊನೆಗೆ ಕೊರೊನಾ ಭಯದಲ್ಲಿ ಕರ್ನಾಟಕ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತಿತು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತ ಸುದ್ದಿ ಒಂದರ ಹಿಂದೆ ಒಂದು ಬಂತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಓಡಾಟದ ಸ್ವಾತಂತ್ರ್ಯವನ್ನೂ ಬದುಕುವ ಹಕ್ಕನ್ನೂ ನೆನಪಿಸಿ, ರಾಷ್ಟ್ರೀಯ ಹೆದ್ದಾರಿಯ ತಡೆಯನ್ನು ತೆರವು ಮಾಡಿಸುವಂತೆ ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ರೋಗಿಗಳನ್ನು ಬಿಡುವ ಒಪ್ಪಂದವಾಗುವ ಹೊತ್ತಿಗೆ ಏಪ್ರಿಲ್ 7 ಆಗಿತ್ತು.

ಆ ದಿನಗಳಲ್ಲಿ ಮಣ್ಣಿನ ರಾಶಿಯ ಈಚೆ ನಿಂತವರಲ್ಲಿ ಕನ್ನಡಿಗರೂ ಇದ್ದರು, ತುಳುವರೂ ಇದ್ದರು, ಬ್ಯಾರಿಗಳೂ ಇದ್ದರು, ಮಲಯಾಳಿಗಳೂ ಇದ್ದರು. ಮಣ್ಣಿಗೆ ಭಾಷೆ ತಿಳಿಯದು. ಕನ್ನಡದ ಮಣ್ಣು ನಮ್ಮದು ಎಂದು ವೇದಿಕೆಯಲ್ಲಿ ಕೇಳಿ ಬೆಳೆದವರು ಆ ಮಣ್ಣು ಲಾರಿಯಲ್ಲಿ ಬಂದು ದಾರಿಗೆ ಬೀಳುವುದನ್ನು ಕಂಡರು. ಅಂದು ನಮ್ಮನ್ನು ಉಳಿಸಿದ್ದು ಯಾವ ಭಾಷಾಭಿಮಾನವೂ ಅಲ್ಲ, ‘ಭಾರತದ ಪ್ರಜೆ’ ಎಂಬ ಗುರುತು ಮತ್ತು ಸಂವಿಧಾನದ 19 ಹಾಗೂ 21ನೇ ವಿಧಿಗಳು. ರಾಷ್ಟ್ರ ಎಂಬುದು ನನಗೆ ಅತ್ಯಂತ ಹತ್ತಿರ ಬಂದ ಗಳಿಗೆ ಯಾವುದೆಂದು ಕೇಳಿದರೆ, ಆ ಹೆದ್ದಾರಿ ಮರಳಿ ತೆರೆದ ಗಳಿಗೆ ಎನ್ನುತ್ತೇನೆ. ಆದ್ದರಿಂದಲೇ ರಾಷ್ಟ್ರೀಯತೆಯನ್ನು ಬರಿಯ ಹೇರಿಕೆ ಎಂದು ತಳ್ಳಿಹಾಕುವ ಗೆಳೆಯರ ಜೊತೆಗೂ ನನ್ನ ಜಗಳವಿದೆ. ರಾಜ್ಯವೇ ಎದುರು ನಿಂತಾಗ ಚಿಕ್ಕವನಿಗೆ ಓಡಿಹೋಗಲು ಇರುವ ಮನೆ ಅದೊಂದೇ.

ಆ ಮನೆಯ ಅಡಿಪಾಯದಲ್ಲಿ ನಮ್ಮ ಊರಿನ ಕಲ್ಲೂ ಇದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣೆಯ ವಿರುದ್ಧ 1970ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳ ಪೀಠ ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೂಡ ಕೆಡಿಸುವಂತಿಲ್ಲ ಎಂದಿತು. ಆ ಮೂಲ ಲಕ್ಷಣಗಳಲ್ಲಿ ಒಕ್ಕೂಟ ವ್ಯವಸ್ಥೆಯೂ ಒಂದೆಂದು ಮುಖ್ಯ ನ್ಯಾಯಮೂರ್ತಿ ಸಿಕ್ರಿ ಎಣಿಸಿದರು. 1994ರಲ್ಲಿ ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಎಂಬ ಅರ್ಥವನ್ನು ಗಟ್ಟಿ ಮಾಡಿತು. ದೆಹಲಿಯನ್ನು ರಾಜ್ಯಗಳ ಎದುರು ಅಂಕೆಯಲ್ಲಿಡುವ ಎರಡು ದೊಡ್ಡ ತೀರ್ಪುಗಳೂ ಹೀಗೆ ಕನ್ನಡ ನಾಡಿನ ಹೆಸರು ಹೊತ್ತಿವೆ. ರಾಜ್ಯಗಳನ್ನು ಅವುಗಳೊಳಗಿನ ಅಲ್ಪಸಂಖ್ಯಾತರ ಎದುರು ಅಂಕೆಯಲ್ಲಿಡುವ ಅಂಥ ಗಟ್ಟಿ ತೀರ್ಪು ಇನ್ನೂ ಬಂದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಕಲಿಕೆಗೆ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಅಧಿಕಾರಿಗಾಗಿ 350ಬಿ ವಿಧಿ, ಎರಡೂ 1956ರ ರಾಜ್ಯ ಪುನರ್ವಿಂಗಡಣೆಯ ಜೊತೆಗೇ ಸಂವಿಧಾನಕ್ಕೆ ಸೇರಿದವು. 350ಬಿ ಅಧಿಕಾರಿ ರಾಷ್ಟ್ರಪತಿಗೆ ವರದಿ ಕೊಡಬಲ್ಲರು, ರಾಜ್ಯಕ್ಕೆ ಆದೇಶ ಕೊಡಲಾರರು.

ಅದೇ 1973ರಲ್ಲಿ ಅಡಿಕೆ ಬೆಳೆಗಾರರು ಬೇರೆಯದೇ ಒಂದು ಒಕ್ಕೂಟ ಕಟ್ಟಿದರು. ಧಾರಣೆ ಕುಸಿದು ಚಂದ್ರಗಿರಿಯಿಂದ ನೇತ್ರಾವತಿಯ ತನಕದ ತೋಟಗಳು ತತ್ತರಿಸಿದ್ದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಜಂಟಿ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿತು. ಕೇಂದ್ರ ಕಚೇರಿ ಮಂಗಳೂರಿನಲ್ಲಿ, ಸದಸ್ಯರು ಗಡಿಯ ಎರಡೂ ಕಡೆ. ಅಲ್ಲಿ ಅಡಿಕೆ ತೂಗುವಾಗ ಯಾವ ರಾಜ್ಯದ ಚೀಲ ಎಂಬ ಜಗಳವಿಲ್ಲ. ಗಡಿ ಸರಿಯದೆಯೂ ಗಡಿಯ ನೋವು ತಗ್ಗಬಹುದು ಎಂಬುದಕ್ಕೆ ಐವತ್ತು ವರ್ಷ ದಾಟಿದ ಉದಾಹರಣೆ ನಮ್ಮ ಅಂಗಳದಲ್ಲೇ ಇದೆ. ಅಡಿಕೆಗೆ ಸಾಧ್ಯವಾದದ್ದು ಶಿಕ್ಷಕರ ತರಬೇತಿಗೆ, ಪಠ್ಯಪುಸ್ತಕಕ್ಕೆ, ಆಸ್ಪತ್ರೆಯ ಚಿಕಿತ್ಸಾ ಕಾರ್ಡಿಗೆ ಸಾಧ್ಯವಾಗಬೇಕು. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಪತ್ರ ಬರೆದುಕೊಳ್ಳುವುದಕ್ಕಿಂತ ಇಂಥ ಒಂದು ಒಪ್ಪಂದಕ್ಕೆ ಸಹಿ ಹಾಕಿದರೆ ನಮಗೆ ಹೆಚ್ಚು ಉಪಕಾರವಾಗುತ್ತದೆ.

ಕೊನೆಗೆ ಎಣಿಕೆಯ ವಿಷಯ. ನಮ್ಮ ನಾಡಿಗೆ ಸಪ್ತಭಾಷಾ ಸಂಗಮಭೂಮಿ ಎಂಬ ಹೆಸರಿದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ ಅಥವಾ ಬ್ಯಾರಿ ಮಾತಾಡುವ ಎಷ್ಟೋ ಕುಟುಂಬಗಳ ಮಕ್ಕಳು ತಲೆಮಾರುಗಳಿಂದ ಕನ್ನಡ ಶಾಲೆಗೆ ಹೋಗುತ್ತಿದ್ದಾರೆ. ಜನಗಣತಿ ಮಾತೃಭಾಷೆ ಕೇಳುತ್ತದೆ, ಅವರು ಸತ್ಯ ಹೇಳುತ್ತಾರೆ, ಕನ್ನಡದ ಅಂಕಣ ಚಿಕ್ಕದಾಗುತ್ತದೆ. ಒಂದು ಪ್ರದೇಶದಲ್ಲಿ ಅಲ್ಪಸಂಖ್ಯಾತ ಭಾಷಿಕರು ಶೇ 15ರಿಂದ 20ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಇರಬೇಕೆಂಬುದು 1956ರಿಂದಲೂ ಇರುವ ಕೇಂದ್ರದ ಸೂತ್ರ. ಅದೇ ಸೂತ್ರದ ಎದುರು ನಾವು ಚದುರಿದ ಚಿಲ್ಲರೆಯಾಗಿ ನಿಲ್ಲುತ್ತೇವೆ. ಇಲ್ಲಿ ನಮ್ಮ ನೆರವಿಗೆ ಬರುವುದು, ಕನ್ನಡ ಮಾಧ್ಯಮವನ್ನು ಕಡ್ಡಾಯ ಮಾಡಲಾಗದು ಎಂದು ಕರ್ನಾಟಕ ಸರ್ಕಾರವನ್ನು ಸೋಲಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪು. ಅದು ಬಂದ ದಿನ ನಾನೂ ನೊಂದಿದ್ದೆ. ಆದರೆ 350ಎ ವಿಧಿಯ ಅರ್ಥದಲ್ಲಿ ಮಗುವಿನ ಮಾತೃಭಾಷೆ ಯಾವುದೆಂದು ನಿರ್ಧರಿಸುವವರು ತಂದೆ ತಾಯಿ, ಸರ್ಕಾರವಲ್ಲ ಎಂದು ಅದು ಹೇಳಿತು. ತುಳು ಮನೆಯ ತಾಯಿ ತನ್ನ ಮಗುವಿಗೆ ಕನ್ನಡ ಶಾಲೆ ಬೇಕೆಂದರೆ, ಅದು ನಿಮ್ಮ ಮಾತೃಭಾಷೆಯಲ್ಲ ಎಂದು ಹೇಳುವ ಅಧಿಕಾರ ಯಾವ ಅಧಿಕಾರಿಗೂ ಇಲ್ಲ.

2027ರ ಜನಗಣತಿ ಬರುತ್ತಿದೆ. ಲೋಕಸಭಾ ಸ್ಥಾನಗಳ ಮರುಹಂಚಿಕೆಗೆ ಸಂವಿಧಾನ ಇಟ್ಟ ತಡೆ 2026ರ ನಂತರದ ಮೊದಲ ಜನಗಣತಿಯವರೆಗೆ ಮಾತ್ರ. ಜನಸಂಖ್ಯೆಯನ್ನು ಹಿಡಿತದಲ್ಲಿಟ್ಟುಕೊಂಡ ತಪ್ಪಿಗೆ ದಕ್ಷಿಣದ ರಾಜ್ಯಗಳು ದನಿ ಕಳೆದುಕೊಳ್ಳಬಾರದೆಂದು 2025ರ ಮಾರ್ಚ್ 22ರಂದು ಚೆನ್ನೈನಲ್ಲಿ ಸೇರಿದವರಲ್ಲಿ ಕೇರಳದ ಮುಖ್ಯಮಂತ್ರಿಯೂ ಇದ್ದರು, ಕರ್ನಾಟಕದ ಉಪಮುಖ್ಯಮಂತ್ರಿಯೂ ಇದ್ದರು. ಬರಿಯ ತಲೆಎಣಿಕೆಯಿಂದ ನ್ಯಾಯ ಸಿಗದು ಎಂಬುದು ಅವರ ವಾದ. ಆ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅದೇ ವಾದವನ್ನು ಬದಿಯಡ್ಕದ ಶಾಲೆಗೂ ಎಣ್ಮಕಜೆಯ ಪಂಚಾಯತಿಗೂ ಅನ್ವಯಿಸಿ ಎಂದು ಇಬ್ಬರನ್ನೂ ಕೇಳುತ್ತೇನೆ.

ಈಗ ಸಂಜೆ ಹೊತ್ತು ನಾನು ನಮ್ಮ ಬೈಲಿನ ಮನೆಗಳಿಗೆ ಹೋಗಿ ಒಂದು ವಿಷಯ ಹೇಳಿ ಬರುತ್ತಿದ್ದೇನೆ. ಗಣತಿಯವರು ಬಂದಾಗ ಮಾತೃಭಾಷೆ ತುಳುವಾದರೆ ತುಳು ಎಂದೇ ಹೇಳಿ, ಕೊಂಕಣಿಯಾದರೆ ಕೊಂಕಣಿ ಎಂದೇ ಹೇಳಿ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಕಳೆದ ಗಣತಿಯಲ್ಲಿ ಮಾತೃಭಾಷೆಯ ಜೊತೆ ತಿಳಿದಿರುವ ಬೇರೆ ಎರಡು ಭಾಷೆಗಳನ್ನೂ ಕೇಳಿದ್ದರು. ಈ ಸಲವೂ ಕೇಳಿದರೆ ಅಲ್ಲಿ ಕನ್ನಡವನ್ನು ಬರೆಸಲು ಮರೆಯಬೇಡಿ. ನೆರೆಮನೆಯ ಹಿರಿಯರು ಎರಡನೆಯ ಜಾಗದಲ್ಲಿ ಮಲಯಾಳ ಹಾಕಬಹುದೇ ಎಂದು ಕೇಳಿದರು. ಅವರಿಗೆ ಮಾತಾಡಲು ಚೆನ್ನಾಗಿ ಬರುತ್ತದೆ, ಓದಲು ಬಾರದು. ಖಂಡಿತ ಹಾಕಬಹುದು ಎಂದೆ.